ಮನೆತನದ ಪಾಕ, ಮನೆತನದ ವ್ರತ

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮಕ್ಕೆ ಶಾಸನಗಳಲ್ಲಿ ಕಲ್ಲೆಹವೆಂಬ ಹೆಸರಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಕ್ರಿ.ಶ. 1368ರಲ್ಲಿ ವಿಜಯನಗರದ ಬುಕ್ಕರಾಯನು ಬಗೆಹರಿಸಿ ಬರೆಯಿಸಿದ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ದೊರೆತಿದೆ. ಅರಸನಲ್ಲಿ ಮೊರೆಯಿಟ್ಟ ಭವ್ಯಜನರ ಊರುಗಳಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳೊಡನೆ ಕಲ್ಲೆಹವೂ ಸೇರಿದೆ. ಬೆಳಗೊಳದ ದೇವರ ಅಂಗರಕ್ಷಣೆಗೆ 20 ಮಂದಿಯನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಲು ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ತೆರಬೇಕೆಂದು ಬೆಳಗೊಳದ ಶಾಸನವು ವಿಧಿಸುತ್ತದೆ.

ಇಲ್ಲಿ 'ಮನೆ' ಎಂಬ ಮಾತು ಗಮನಾರ್ಹವಾದುದು. ಧರ್ಮರಕ್ಷಣೆಯ ಹೊಣೆ ಅರಸನಿಗೆ, ಮುನಿಗಳಿಗೆ ಮಾತ್ರವಲ್ಲದೆ ಪ್ರತಿಯೊಂದು ಮನೆಗೂ ಸೇರಿತ್ತು. ಮನೆಯಲ್ಲಿ ಅಹಿಂಸೆಯು ದಿನವೂ ಪರೀಕ್ಷೆಗೊಳಗಾಗುವ ಸ್ಥಳ ಅಡುಗೆಯ ಒಲೆ.

ಒಲೆಯ ಕಥೆಯನ್ನು ಶಾಸನಗಳು ಹೇಳದಿದ್ದರೂ ಕನ್ನಡದ ಕವಿಗಳು ಹೇಳಿದ್ದಾರೆ. ಸುಮಾರು ಕ್ರಿ.ಶ. 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ಜಲಶೋಧನೆ, ವೈದ್ಯಗಳ ಸಾಲಿನಲ್ಲಿ ಪಾಕವಿದ್ಯೆಗೂ ಸ್ಥಾನವಿದೆ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪ್ರತ್ಯೇಕ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಚಾಲುಕ್ಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಮಾಂಸಪಾಕಗಳೂ ವಿಸ್ತಾರವಾಗಿ ಬಂದಿವೆ. ಮಂಗರಸನ ಗ್ರಂಥವಾದರೋ ಸಂಪೂರ್ಣವಾಗಿ ಸಸ್ಯಾಹಾರದ್ದು. ನಾಲಗೆಯ ಸುಖಕ್ಕೆ ಹಿಂಸೆ ಅನಿವಾರ್ಯವಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಹಿಟ್ಟಿನ ಪಾಕಗಳನ್ನು ಹೇಳುವಲ್ಲಿ ಮಂಗರಸನು ಹಲವು ಬಗೆಯ ರೊಟ್ಟಿಗಳನ್ನು ವರ್ಣಿಸುತ್ತಾನೆ. ಅವುಗಳಲ್ಲಿ ಒಂದು ಮುಚ್ಚಳರೊಟ್ಟಿ. ಕಾವಲಿಯ ಮೇಲೆ ರೊಟ್ಟಿಯನ್ನಿಟ್ಟು, ಮೇಲೊಂದು ಕಾವಲಿಯನ್ನು ಮುಚ್ಚಿ, ಕೆಳಗೂ ಮೇಲೂ ಕೆಂಡವನ್ನಿರಿಸಿ ಬೇಯಿಸುವ ಕ್ರಮವಿದು. ಎರಡು ಕಡೆಯಿಂದಲೂ ಶಾಖವನ್ನು ಕೊಡುವ ಇಂದಿನ ವಿದ್ಯುತ್ ಒಲೆಯ ತತ್ತ್ವವೂ ಇದೇ. ಆದುದರಿಂದ ಮುಚ್ಚಿದ ಶಾಖದಲ್ಲಿ ಹಿಟ್ಟನ್ನು ಬೇಯಿಸುವ ವಿದ್ಯೆಯು ಕನ್ನಡದ ಜೈನಕವಿಗೆ ಹೊಸದಾಗಿರಲಿಲ್ಲ.

ಆದರೆ ಶ್ರಾವಕರ ಮನೆಗಳಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಾಗಿಬಂದುದು ಬರಿಯ ಅಳತೆಗಳಲ್ಲ, ಒಂದು ಎಚ್ಚರ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಳುಗಳಿವೆಯೇ ಎಂದು ಸೌದೆಯನ್ನು ಕೊಡವಿ ನೋಡುವುದು, ಸೂರ್ಯಾಸ್ತದೊಳಗೆ ಊಟ ಮುಗಿಸುವುದು, ರುಚಿ ಕೆಟ್ಟ ಚಲಿತರಸವನ್ನು ತ್ಯಜಿಸುವುದು ಇವೆಲ್ಲ ಪಾಕದ ಅಂಗಗಳೇ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ದಿಗಂಬರ ಸಂಪ್ರದಾಯವು ಹೇಳುತ್ತದೆ. ತೇವವಿರುವ ಕಾಲದಲ್ಲಿ ಹಿಟ್ಟಿನಲ್ಲಿ ಜೀವೋತ್ಪತ್ತಿಯು ಶೀಘ್ರವೆಂಬ ಅನುಭವವೇ ಈ ನಿಯಮದ ಬುಡ.

ಇಂದು ಜೈನಮನೆಗಳಲ್ಲಿಯೂ ಬಿಸ್ಕತ್ತು, ಕೇಕುಗಳು ತಯಾರಾಗುತ್ತವೆ. ಅದು ದೋಷವಲ್ಲ. ಮೊಟ್ಟೆಯನ್ನು ಬಿಟ್ಟರೆ ಸಾಕೆಂಬ ತೃಪ್ತಿ ಮಾತ್ರ ಅಪಾಯಕರ. ಹಿಟ್ಟು ಎಂದಿನದು, ಉಬ್ಬಿಸಲು ಬಳಸಿದ್ದು ಯಾವುದು, ಜೆಲಟಿನ್ ಸೇರಿದೆಯೇ ಎಂದು ಅಜ್ಜಿಯಂತೆ ಕೇಳುವವರು ಮನೆಯಲ್ಲಿ ಉಳಿದಿರಬೇಕು. ತಿಂಡಿಯ ಹೆಸರು ಬದಲಾಗಬಹುದು. ಕೇಳುವ ಅಭ್ಯಾಸ ತಪ್ಪಬಾರದು. ಕಾರಣವನ್ನು ತಿಳಿಸದೆ ನಿಯಮವನ್ನಷ್ಟೇ ಒಪ್ಪಿಸಿದರೆ ಮುಂದಿನ ಪೀಳಿಗೆಯು ಅದನ್ನು ಹೊರೆಯೆಂದು ಇಳಿಸಿಬಿಡುತ್ತದೆ.

ಕಲ್ಯದ ಕಲ್ಲು ಆರೂವರೆ ಶತಮಾನಗಳ ಹಿಂದಿನ ಒಪ್ಪಂದವನ್ನು ಉಳಿಸಿಕೊಟ್ಟಿತು; ಆ ಮನೆಗಳ ಒಲೆಯ ಅರಿವು ಮಾತ್ರ ಗೃಹಿಣಿಯರ ಬಾಯಿಮಾತಿನೊಡನೆಯೇ ಹೋಯಿತು. ಇಂದಿನ ಮನೆಗಳಿಗೆ ಆ ಗತಿ ಬರಬೇಕಾಗಿಲ್ಲ. ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಗಳ ಆಡಳಿತ ಮಂಡಳಿಗಳು ಹಿರಿಯ ಶ್ರಾವಿಕೆಯರನ್ನು ಕೂಡಿಸಿ, ಪಾಕದ ಅಳತೆಯ ಜೊತೆಗೆ ಅದರ ಹಿಂದಿನ ವ್ರತವನ್ನೂ ಬರೆಯಿಸಿಡಲಿ. ಜಿನಾಲಯದ ಗೋಡೆಗೆ ಬಳಿಯುವ ಸುಣ್ಣದಷ್ಟೇ ಅದೂ ಜೀರ್ಣೋದ್ಧಾರ.