ಅಮೆರಿಕದ ಪಾರಂಪರಿಕ ಚರ್ಮದ ಬೂಟು

19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ನಡುಭಾಗದವರೆಗೆ ಅಮೆರಿಕದ ಗಣಿಗಾರರು, ಮರ ಕಡಿಯುವವರು, ರೈಲ್ವೆ ಕೆಲಸಗಾರರು, ಬೇಟೆಗಾರರು ಮತ್ತು ಸೈನಿಕರಿಗಾಗಿ ರೂಪುಗೊಂಡ, ಇಂದಿಗೂ ಹೆಚ್ಚುಕಡಿಮೆ ಅದೇ ವಿಧಾನದಲ್ಲಿ ತಯಾರಾಗುತ್ತಿರುವ ಗಟ್ಟಿ ಪಾದರಕ್ಷೆ. ಅಟ್ಟೆಯನ್ನು ಬರೀ ಅಂಟಿನಿಂದ ಕೂರಿಸದೆ ಹೊಲಿದಿರುವುದು ಇದರ ಮುಖ್ಯ ಲಕ್ಷಣ. ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಹೊಲಿಯಬಹುದಾದ್ದರಿಂದ ಚೆನ್ನಾಗಿ ನೋಡಿಕೊಂಡ ಜೋಡು ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಮಿನ್ನೆಸೋಟಾದ ರೆಡ್ ವಿಂಗ್ ಪಟ್ಟಣದಲ್ಲಿ ಚಾರ್ಲ್ಸ್ ಬೆಕ್‌ಮನ್ 1905ರಲ್ಲಿ ಆರಂಭಿಸಿದ ರೆಡ್ ವಿಂಗ್ ಷೂ ಕಂಪನಿ, 1884ರಿಂದ ನಡೆಯುತ್ತಿರುವ ಮ್ಯಾಸಚೂಸೆಟ್ಸ್‌ನ ಆಲ್ಡೆನ್, ವಿಸ್ಕಾನ್ಸಿನ್‌ನಲ್ಲಿ 1901ರಲ್ಲಿ ಹುಟ್ಟಿದ ಚಿಪ್ಪೆವಾ, ಆರೆಗಾನ್‌ನ ವೆಸ್ಕೊ, ಸ್ಪೋಕೇನ್ ನಗರದ ವೈಟ್ಸ್ ಇವು ಈ ಪರಂಪರೆಯ ಹೆಸರಾಂತ ತಯಾರಕರು. ಇವರ ಹಳೆಯ ಬೂಟುಗಳನ್ನು ಹುಡುಕಿ ಕೊಳ್ಳುವವರು ಜಗತ್ತಿನಾದ್ಯಂತ ಇದ್ದಾರೆ. ಕೊಳ್ಳುವಾಗ ಹೆಸರು, ಬಣ್ಣ, ವರ್ಷಗಳಿಗೆ ಸಿಗುವ ಗಮನದಲ್ಲಿ ಅರ್ಧದಷ್ಟಾದರೂ ಕಾಲಿನ ಹೊಂದಿಕೆಗೆ ಸಿಗಬೇಕು. ಈ ಬೂಟುಗಳು ಹುಟ್ಟಿದ್ದೇ ದಿನವಿಡೀ ನಿಂತು ದುಡಿಯುವವರ ಕಾಲಿಗಾಗಿ.

ರಚನೆ

ಬೂಟು ರೂಪ ತಾಳುವುದು ಅಚ್ಚಿನ ಮೇಲೆ. ಪಾದದ ಆಕಾರದ ಈ ಅಚ್ಚನ್ನು ಹಿಂದೆ ಮರದಲ್ಲಿ ಕಡೆಯುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ. ಹೊಲಿದು ಸಿದ್ಧವಾದ ಮೇಲ್ಚರ್ಮವನ್ನು ಅಚ್ಚಿನ ಮೇಲೆ ಬಿಗಿಯಾಗಿ ಎಳೆದು, ಅಂಚನ್ನು ಒಳಅಟ್ಟೆಯ ಕೆಳಕ್ಕೆ ಮಡಚಿ ಕೂರಿಸುವುದು ಇಡೀ ತಯಾರಿಕೆಯಲ್ಲೇ ಕಷ್ಟದ ಹಂತ. ನುರಿತ ಕುಶಲಕರ್ಮಿಯೊಬ್ಬ ದಿನಕ್ಕೆ ಸುಮಾರು 50 ಜೋಡಿಗಳನ್ನಷ್ಟೇ ಹೀಗೆ ಎಳೆದು ಕೂರಿಸಬಲ್ಲವನಾಗಿದ್ದ. ಈ ಕೆಲಸವನ್ನು ಯಂತ್ರಕ್ಕೆ ಕಲಿಸಿದವನು ಯಾನ್ ಮಾಟ್ಸೆಲಿಗರ್. ಸುರಿನಾಮ್‌ನಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸ್‌ನ ಲಿನ್ ಊರಿನ ಷೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈ ಕಪ್ಪು ಕಾರ್ಮಿಕ 1883ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ದಿನಕ್ಕೆ ನೂರಾರು ಜೋಡಿಗಳನ್ನು ಮುಗಿಸುತ್ತಿತ್ತು; ಸಾಮಾನ್ಯ ಜನರಿಗೆ ಒಳ್ಳೆಯ ಷೂ ಕೈಗೆಟುಕುವಂತಾಯಿತು. ಮಾಟ್ಸೆಲಿಗರ್ 1889ರಲ್ಲಿ, 40 ತುಂಬುವ ಮುನ್ನವೇ ತೀರಿಕೊಂಡ. ಬೂಟಿನ ಚರಿತ್ರೆ ಬರೆಯುವವರು ಮೊದಲು ನೆನೆಯಬೇಕಾದ ಹೆಸರು ಅವನದು.

ಗುಡ್‌ಇಯರ್ ವೆಲ್ಟ್ ಎಂಬ ಹೊಲಿಗೆ ಸ್ವಲ್ಪ ಮೊದಲಿನದು. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್‌ನ ಮಗ, ಅದೇ ಹೆಸರಿನವನು, 1870ರ ಆಸುಪಾಸಿನಲ್ಲಿ ಇದರ ಯಂತ್ರವನ್ನು ಬಳಕೆಗೆ ತಂದ. ಬೂಟಿನ ಸುತ್ತ ವೆಲ್ಟ್ ಎಂಬ ಚರ್ಮದ ಪಟ್ಟಿಯೊಂದು ಓಡುತ್ತದೆ. ಮೇಲ್ಚರ್ಮವನ್ನೂ ಒಳಅಟ್ಟೆಯನ್ನೂ ಮೊದಲ ಹೊಲಿಗೆ ಈ ಪಟ್ಟಿಗೆ ಕೂಡಿಸುತ್ತದೆ. ಎರಡನೆಯ ಹೊಲಿಗೆ ಪಟ್ಟಿಯನ್ನು ಹೊರಅಟ್ಟೆಗೆ ಸೇರಿಸುತ್ತದೆ. ಅಟ್ಟೆ ಬದಲಿಸುವಾಗ ಎರಡನೆಯ ಹೊಲಿಗೆಯನ್ನಷ್ಟೇ ಬಿಚ್ಚುತ್ತಾರೆ, ಮೇಲ್ಚರ್ಮಕ್ಕೆ ಉಳಿ ತಾಗುವುದಿಲ್ಲ. ನಡುವಿನ ಪೊಳ್ಳಿನಲ್ಲಿ ಸಾಮಾನ್ಯವಾಗಿ ಕಾರ್ಕ್ ತುಂಬಿರುತ್ತದೆ. ಧರಿಸಿದವನ ಭಾರಕ್ಕೆ ಕಾರ್ಕೂ ಒಳಅಟ್ಟೆಯೂ ಅದುಮಿಕೊಂಡು ಅವನ ಪಾದದ ಗುರುತನ್ನೇ ತಾಳುತ್ತವೆ. ಅಮೆರಿಕದ ವಾಯವ್ಯ ಕಾಡುಗಳಲ್ಲಿ ಮರ ಕಡಿಯುವವರ ಬೂಟಿನಲ್ಲಿ ಇನ್ನೊಂದು ಪದ್ಧತಿಯಿದೆ: ಮೇಲ್ಚರ್ಮದ ಅಂಚನ್ನು ಒಳಕ್ಕೆ ಮಡಚದೆ ಹೊರಕ್ಕೆ ಚಾಚಿ, ನೇರವಾಗಿ ಅಟ್ಟೆಗೆ ಹೊಲಿಯುತ್ತಾರೆ. ವೈಟ್ಸ್ ಮತ್ತು ವೆಸ್ಕೊ ಬೂಟುಗಳು ಹೀಗೆ ಹೊಲಿದವು.

ಹೊಂದಿಕೆ

ಕಾಲಿಗೂ ಬೂಟಿಗೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಲೈಮನ್ ಮನ್ಸನ್ ಪ್ರಮುಖ. ಸೈನಿಕರ ಕಾಲಿನ ಹುಣ್ಣು, ಬೊಬ್ಬೆ, ಸೊಟ್ಟಗಾದ ಬೆರಳುಗಳಿಂದ ಬೇಸತ್ತ ಸೇನೆ ಒಂದು ಷೂ ಮಂಡಳಿಯನ್ನು ನೇಮಿಸಿತು. ಮನ್ಸನ್ ಅಧ್ಯಕ್ಷತೆಯ ಈ ಮಂಡಳಿ ಸುಮಾರು 2,000 ಸೈನಿಕರ ಪಾದಗಳನ್ನು ಪರೀಕ್ಷಿಸಿ ಹೊಸ ಅಚ್ಚನ್ನು ರೂಪಿಸಿತು, 1912ರಲ್ಲಿ ಸೇನೆ ಅದನ್ನು ಒಪ್ಪಿಕೊಂಡಿತು. ಮನ್ಸನ್ ಅಚ್ಚಿನ ಗುಣ ಸರಳ: ಒಳಬದಿಯ ಗೆರೆ ಹೆಬ್ಬೆರಳಿನ ಕಡೆಗೆ ನೇರವಾಗಿ ಸಾಗುತ್ತದೆ, ಮುಂಭಾಗ ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಾಗಿದೆ, ಹಿಮ್ಮಡಿ ಮಾತ್ರ ಬಿಗಿಯಾಗಿದೆ. ಚೂಪು ಮೂತಿಯ ಷೂಗಳ ಕಾಲದಲ್ಲಿ ಇದು ದೊಡ್ಡ ಬದಲಾವಣೆ.

ಬೂಟು ಕೊಡುವ ವಿಧಾನವೂ ಆಗ ಬದಲಾಯಿತು. ಸೈನಿಕ ಬೆನ್ನ ಮೇಲೆ 40 ಪೌಂಡ್ ಹೊರೆ ಹೊತ್ತು, ಅಳತೆ ತೆಗೆಯಬೇಕಾದ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಬೇಕಿತ್ತು. ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹಿಗ್ಗುತ್ತದೆ. ಕೂತು ಅಳೆದ ಅಳತೆ ನಡೆಯುವಾಗ ಸುಳ್ಳಾಗುತ್ತದೆ. ಹೊಸ ಬೂಟನ್ನು ನೀರಿನಲ್ಲಿ ನೆನೆಸಿ, ಒಣಗುವವರೆಗೆ ಧರಿಸಿ ನಡೆದು ಕಾಲಿಗೆ ಹೊಂದಿಸಿಕೊಳ್ಳುವ ಪದ್ಧತಿಯೂ ಸೇನೆಯಲ್ಲಿತ್ತು. ಇಂದಿನ ದುಬಾರಿ ಬೂಟಿಗೆ ಆ ಕ್ರಮ ಬೇಡ, ಒಳಅಟ್ಟೆ ಸುರುಟಿಕೊಳ್ಳುವ ಅಪಾಯವಿದೆ. ಆದರೆ ಹೊರೆ ಹೊತ್ತು ಅಳೆಯುವ ವಿವೇಕ ನೂರು ವರ್ಷ ಕಳೆದರೂ ಹಳತಾಗಿಲ್ಲ. ಸಂಜೆಯ ಹೊತ್ತು, ದಿನವೂ ಹಾಕುವ ಕಾಲುಚೀಲ ತೊಟ್ಟು, ನಿಂತೇ ಅಳತೆ ಕೊಡಬೇಕು. ಎರಡು ಪಾದಗಳಲ್ಲಿ ದೊಡ್ಡದರ ಅಳತೆಯೇ ಲೆಕ್ಕಕ್ಕೆ.

ಅಮೆರಿಕದ ಷೂ ಅಂಗಡಿಗಳಲ್ಲಿ ಕಾಣುವ ಲೋಹದ ಅಳತೆಮಣೆಯನ್ನು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ರೂಪಿಸಿದ. ಅದು ಮೂರು ಅಳತೆಗಳನ್ನು ಕೊಡುತ್ತದೆ: ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಉದ್ದ, ಪಾದದ ಅಗಲ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗೆಣ್ಣಿನವರೆಗಿನ ಉದ್ದ. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಬೂಟು ಬಾಗುವುದು ಅದರ ಅತಿ ಅಗಲದ ಜಾಗದಲ್ಲಿ; ಪಾದ ಬಾಗುವುದು ಆ ಗೆಣ್ಣಿನಲ್ಲಿ. ಇವೆರಡೂ ಒಂದೇ ಕಡೆ ಬರದಿದ್ದರೆ ಬೆರಳ ತುದಿಯಲ್ಲಿ ಎಷ್ಟೇ ಜಾಗವಿದ್ದರೂ ಬೂಟು ಕಚ್ಚುತ್ತದೆ. ಗಿಡ್ಡ ಬೆರಳು, ಉದ್ದ ಪಾದದವರು ಈ ಮೂರನೆಯ ಅಳತೆಯನ್ನೇ ನೆಚ್ಚಬೇಕು.

ಸಂಖ್ಯೆಗಳ ಲೆಕ್ಕ ಹೀಗಿದೆ. ಒಂದು ಪೂರ್ಣ ಅಳತೆಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರನೆಯ ಒಂದು ಭಾಗ. ಅಗಲವನ್ನು ಅಕ್ಷರಗಳಿಂದ ಸೂಚಿಸುತ್ತಾರೆ; ಗಂಡಸರಿಗೆ ‘ಡಿ’ ಸಾಮಾನ್ಯ, ‘ಬಿ’ ಕಿರಿದು, ‘ಇಇ’ ಅಗಲ. ಭಾರತದ ಅಂಗಡಿಗಳಲ್ಲಿ ರೂಢಿಯಲ್ಲಿರುವುದು ಬ್ರಿಟಿಷ್ ಸಂಖ್ಯೆ. ಅಮೆರಿಕದ ಗಂಡಸರ ಸಂಖ್ಯೆ ಸಾಮಾನ್ಯವಾಗಿ ಅದಕ್ಕಿಂತ ಒಂದು ಹೆಚ್ಚು, ಕೆಲವು ತಯಾರಕರಲ್ಲಿ ಅರ್ಧ ಹೆಚ್ಚು. ಬೆಂಗಳೂರಿನಲ್ಲಿ 8 ಹಾಕುವವರು ಅಮೆರಿಕದ ಪಟ್ಟಿಯಲ್ಲಿ 9ರ ಹತ್ತಿರ ನೋಡಬೇಕು. ಇದೂ ಅಂದಾಜು ಮಾತ್ರ, ಏಕೆಂದರೆ ಒಂದೇ ಸಂಖ್ಯೆ ಬೇರೆ ಅಚ್ಚಿನಲ್ಲಿ ಬೇರೆ ಬೂಟಾಗುತ್ತದೆ. ರೆಡ್ ವಿಂಗ್‌ನ ಐರನ್ ರೇಂಜರ್ 8ನೆಯ ಅಚ್ಚಿನದು, ಮೂತಿಯ ಹೊಲಿಗೆಯಿಂದ ಹೆಸರಾದ 875 ಮಾದರಿ 23ನೆಯ ಅಚ್ಚಿನದು. ಆಲ್ಡೆನ್‌ನ ಬ್ಯಾರಿ ಅಚ್ಚು ಉದ್ದ, ಅಗಲಗಳಲ್ಲಿ ಧಾರಾಳ. ಟ್ರೂಬ್ಯಾಲೆನ್ಸ್ ಅಚ್ಚು ಮುಂಭಾಗದಲ್ಲಿ ಅಗಲ, ಹಿಮ್ಮಡಿಯಲ್ಲಿ ಹಿಡಿತ. ಈ ಬೂಟುಗಳಲ್ಲಿ ಹಲವನ್ನು ಓಟದ ಷೂಗಿಂತ ಅರ್ಧದಿಂದ ಒಂದು ಅಳತೆ ಚಿಕ್ಕದಾಗಿ ಕೊಳ್ಳಬೇಕಾಗುತ್ತದೆ.

ಹೊಸ ಬೂಟಿನಲ್ಲಿ ಹಿಮ್ಮಡಿ ತುಸು ಜಾರುವುದು ದೋಷವಲ್ಲ. ಅಟ್ಟೆ ಬಾಗಲು ಕಲಿತ ಮೇಲೆ ಅದು ನಿಲ್ಲುತ್ತದೆ. ಪಾದದ ಅಗಲದ ಜಾಗದಲ್ಲಿ ಒತ್ತಿದರೆ ಅಥವಾ ಬೆರಳು ಮೂತಿಗೆ ತಾಗಿದರೆ ಮಾತ್ರ ಕಾಲ ಸರಿಪಡಿಸೀತೆಂದು ಕಾಯಬಾರದು. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ.

ಚರ್ಮದ ಮೂಲ

ರೆಡ್ ವಿಂಗ್ ಬಳಸುವ ಚರ್ಮದಲ್ಲಿ ಬಹುಪಾಲು ಅದೇ ಊರಿನ ಎಸ್. ಬಿ. ಫುಟ್ ಹದಗಾರಿಕೆಯದು. 1872ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಂಪನಿ 1980ರ ದಶಕದಲ್ಲಿ ಕೊಂಡಿತು. ಬೇರೆ ಹಲವು ತಯಾರಕರು ನೆಚ್ಚುವುದು 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಹಾರ್ವೀನ್ ಹದಗಾರಿಕೆಯನ್ನು. ಅದರ ಕ್ರೋಮೆಕ್ಸೆಲ್ ಎಂಬ ಚರ್ಮವನ್ನು ಕ್ರೋಮಿಯಂ ಲವಣದಲ್ಲೂ ಮರದ ತೊಗಟೆಯ ರಸದಲ್ಲೂ ಹದಗೊಳಿಸಿ, ಎಣ್ಣೆ ಮೇಣಗಳನ್ನು ತುಂಬುತ್ತಾರೆ. ಮಡಚಿದ ಕಡೆ ಬಣ್ಣ ತಿಳಿಯಾಗಿ, ಉಜ್ಜಿದರೆ ಮತ್ತೆ ಕೂಡಿಕೊಳ್ಳುತ್ತದೆ. ಷೆಲ್ ಕಾರ್ಡೊವನ್ ಎಂಬುದು ಕುದುರೆಯ ಹಿಂಭಾಗದ ತೊಗಲಿನೊಳಗಿನ ದಟ್ಟ ನಾರಿನ ಪದರ. ಅದರ ಹದಕ್ಕೆ ಕನಿಷ್ಠ ಆರು ತಿಂಗಳು ಬೇಕು. ಅದು ಬಾಗಿದಲ್ಲಿ ಸೂಕ್ಷ್ಮ ಸುಕ್ಕುಗಳ ಬದಲು ಅಲೆಯಂತೆ ಏಳುತ್ತದೆ.

ಭಾರತಕ್ಕೂ ಈ ಉದ್ಯಮಕ್ಕೂ ಹಳೆಯ ನಂಟಿದೆ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆಯಲ್ಲಿ ಹದಗೊಳಿಸಿದ ಹಸುವಿನ ಚರ್ಮ ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಿನಲ್ಲಿ ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೆ ಅದು ಬಹಳವಾಗಿ ಬಳಕೆಯಾಯಿತು. ಮದ್ರಾಸಿನಲ್ಲಿ ಕ್ರೋಮ್ ಹದವನ್ನು ಬೆಳೆಸಿದ ಆಲ್ಫ್ರೆಡ್ ಚಟರ್ಟನ್ ನಂತರ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದ. ಈ ಚರ್ಮವನ್ನು ಹದಗೊಳಿಸಿದ ಕೈಗಳ ಹೆಸರು ಯಾವ ಬೂಟಿನ ಮೇಲೂ ಇಲ್ಲ.

ಕಾಲನಿರ್ಣಯ

ಹಳೆಯ ಬೂಟಿನ ವಯಸ್ಸನ್ನು ಹೇಳಲು ಒಂದು ಗುರುತು ಸಾಲದು. ಬದಲಿಸಬಹುದಾದ ಭಾಗ ಯಾವುದು, ಬದಲಿಸಲಾಗದ್ದು ಯಾವುದು ಎಂಬುದನ್ನು ಮೊದಲು ಬೇರ್ಪಡಿಸಬೇಕು. ಕಪ್ಪು ಬೆಕ್ಕಿನ ಚಿತ್ರವಿರುವ ಕ್ಯಾಟ್ಸ್ ಪಾ ಹಿಮ್ಮಡಿ ಕಂಡ ತಕ್ಷಣ ಬೂಟು 1940ರ ದಶಕದ್ದೆಂದು ಮಾರುವವರು ಹೇಳುವುದುಂಟು. ಹಿಮ್ಮಡಿ ರಿಪೇರಿಯ ಕಾಲವನ್ನಷ್ಟೇ ಹೇಳುತ್ತದೆ. ವಿಬ್ರಂ ಅಟ್ಟೆಯೂ ಹಾಗೆಯೇ. 1935ರ ಪರ್ವತಾರೋಹಣದಲ್ಲಿ ಸಂಗಾತಿಗಳನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ 1937ರಲ್ಲಿ ಅದನ್ನು ರೂಪಿಸಿದ. ಅದರ ಹಳದಿ ಅಷ್ಟಕೋನದ ಗುರುತು ಬಂದದ್ದು 1969ರಲ್ಲಿ. ಆ ಗುರುತಿದ್ದರೆ ಅಟ್ಟೆ ಅದಕ್ಕಿಂತ ಹಳೆಯದಲ್ಲ, ಬೂಟು ಹಳೆಯದಿರಬಹುದು.

ಒಳಗಿನ ಮುದ್ರೆಗಳು ಹೆಚ್ಚು ನಂಬಿಕೆಗೆ ಅರ್ಹ. ಸೇನೆಯ ಬೂಟುಗಳಲ್ಲಿ ಅಳತೆಯ ಜೊತೆ ಗುತ್ತಿಗೆ ಸಂಖ್ಯೆಯೂ ಹಲವು ವೇಳೆ ದಿನಾಂಕವೂ ಇರುತ್ತದೆ. ಕಾರ್ಮಿಕ ಸಂಘದ ಮುದ್ರೆ ಇನ್ನೊಂದು ಸುಳಿವು. ಬೂಟ್ ಅಂಡ್ ಷೂ ವರ್ಕರ್ಸ್ ಯೂನಿಯನ್ 1895ರಲ್ಲಿ ಸ್ಥಾಪನೆಯಾಗಿ 1977ರಲ್ಲಿ ಬೇರೊಂದು ಸಂಘದಲ್ಲಿ ವಿಲೀನವಾಯಿತು. ಆ ಮುದ್ರೆಯಲ್ಲಿ ಕಾರ್ಖಾನೆಯ ಸಂಖ್ಯೆಯೂ ಇರುವುದರಿಂದ, ಹೆಸರಳಿದ ಬೂಟಿನ ತಯಾರಕನನ್ನು ಪತ್ತೆಹಚ್ಚಲೂ ಅದು ನೆರವಾಗುತ್ತದೆ. ಉಕ್ಕಿನ ಮೂತಿಯ ಬೂಟುಗಳಲ್ಲಿ ಕೆಲಸ ಇನ್ನೂ ಸುಲಭ: ಸುರಕ್ಷತಾ ಮಾನಕದ ‘ಪಿಟಿ 83’ ಗುರುತು 1983ರ, ‘ಪಿಟಿ 91’ 1991ರ ಆವೃತ್ತಿಯದು; 2005ರಲ್ಲಿ ಇಡೀ ಮಾನಕವೇ ಬದಲಾಯಿತು. ಮೂಲ ಪೆಟ್ಟಿಗೆ ಉಳಿದಿದ್ದರೆ ವಿಳಾಸವನ್ನು ಓದಬೇಕು. ಐದಂಕಿಯ ಅಂಚೆ ಸಂಖ್ಯೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1963ರಲ್ಲಿ.

ಮಾದರಿಗಳ ಚರಿತ್ರೆಯೂ ಗಡಿ ಹಾಕುತ್ತದೆ. ಐರಿಷ್ ಸೆಟರ್ ಬೇಟೆನಾಯಿಯ ಕೆಂಗಂದು ಮೈಬಣ್ಣದಿಂದ ಹೆಸರು ಪಡೆದ ರೆಡ್ ವಿಂಗ್ ಬೂಟುಗಳು 1950ರಲ್ಲಿ ಮೊದಲಾದವು. ಬಿಳಿ ಅಟ್ಟೆಯ ಎಂಟಂಗುಲ ಎತ್ತರದ 877 ಮಾದರಿ 1952ರದು. ನಾಲಿಗೆಯ ಮೇಲಿನ ನಾಯಿಯ ಚಿತ್ರದ ಪಟ್ಟಿ ದಶಕದಿಂದ ದಶಕಕ್ಕೆ ರೂಪ ಬದಲಿಸಿದೆ, ಜಪಾನಿನ ಸಂಗ್ರಾಹಕರು ಅದನ್ನು ಬಹಳ ಶ್ರದ್ಧೆಯಿಂದ ವಿಂಗಡಿಸಿದ್ದಾರೆ. ಹಳೆಯ ಕಪ್ಪು ಬೂಟು ಸವೆದಲ್ಲಿ ಕಂದು ಇಣುಕುವುದನ್ನೂ ಮೆಚ್ಚಿ ಅದಕ್ಕೊಂದು ಬೆಲೆ ತಂದವರು ಅವರೇ. ದ್ವಿತೀಯ ಮಹಾಯುದ್ಧದ ಅಮೆರಿಕನ್ ಸೈನಿಕ ಬೂಟುಗಳಲ್ಲಿ ಚರ್ಮದ ಒರಟು ಮುಖ ಹೊರಗಿರುವುದು, 1943ರ ಮಾದರಿಯಲ್ಲಿ ಮೇಲೆ ಎರಡು ಬಕಲ್‌ಗಳಿರುವುದು ಪ್ರಸಿದ್ಧ ಲಕ್ಷಣಗಳು.

ಕೊಳ್ಳುವಿಕೆ ಮತ್ತು ರಕ್ಷಣೆ

ಹಳೆಯ ಬೂಟಿನ ಒಳಅಟ್ಟೆಯಲ್ಲಿ ಮೊದಲ ಒಡೆಯನ ಪಾದ ಅಚ್ಚೊತ್ತಿರುತ್ತದೆ. ಆ ಗುರುತು ನಿಮ್ಮ ಪಾದಕ್ಕೆ ಹೊಂದದಿದ್ದರೆ ಬೂಟು ನಿಮ್ಮದಾಗುವುದು ಕಷ್ಟ. ಆದ್ದರಿಂದ ದೂರದಿಂದ ಕೊಳ್ಳುವವರು ಮಾರುವವರಿಂದ ಅಳತೆಯ ಸಂಖ್ಯೆಯನ್ನಷ್ಟೇ ಕೇಳಿ ಸುಮ್ಮನಾಗದೆ, ಒಳಅಟ್ಟೆಯ ಉದ್ದ, ಅಟ್ಟೆಯ ಅತಿ ಹೆಚ್ಚಿನ ಅಗಲ ಮತ್ತು ಒಳಭಾಗದ ಚಿತ್ರ ಕೇಳಬೇಕು. ಬಾಗುವ ಜಾಗದಲ್ಲಿ ಚರ್ಮವನ್ನು ಒತ್ತಿ ನೋಡಿಸಬೇಕು. ತೊಗಟೆಯಲ್ಲಿ ಹದಗೊಂಡ ಹಳೆಯ ಚರ್ಮದಿಂದ ಕೆಂಪು ಪುಡಿ ಉದುರುತ್ತಿದ್ದರೆ ಅದು ಒಳಗೇ ಸತ್ತಿದೆ, ಎಣ್ಣೆಯಿಂದ ಬದುಕುವುದಿಲ್ಲ.

ಕೊಡಗು, ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುವುದು ಎಲ್ಲರೂ ಕಂಡದ್ದೇ. ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವಲ್ಲಿ ಇಟ್ಟು, ಆಗಾಗ ಬ್ರಷ್ ಮಾಡಬೇಕು. ಒದ್ದೆಯಾದರೆ ಒಲೆಯ ಪಕ್ಕದಲ್ಲಾಗಲಿ ಬಿಸಿಲಿನಲ್ಲಾಗಲಿ ಇಡದೆ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಎಣ್ಣೆ ಅತಿಯಾದರೆ ಚರ್ಮ ಸಡಿಲಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅಟ್ಟೆ, ಹಿಮ್ಮಡಿ, ವೆಲ್ಟ್, ಕಾರ್ಕ್, ಲೇಸಿನ ಕೊಕ್ಕೆ ಎಲ್ಲವನ್ನೂ ನುರಿತ ಮೋಚಿ ಬದಲಿಸಬಲ್ಲ. ಬಾಗುವ ಜಾಗದಲ್ಲಿ ಆಳವಾಗಿ ಸೀಳಿದ ಮೇಲ್ಚರ್ಮಕ್ಕೆ ಬಾಳಿಕೆ ಬರುವ ದುರಸ್ತಿ ಇಲ್ಲ.