ರಾಷ್ಟ್ರಪತಿ ಆಳ್ವಿಕೆ, ಕರ್ನಾಟಕ (1989)

ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ಸಂವಿಧಾನದ 356ನೇ ವಿಧಿಯಡಿ ವಜಾಗೊಳಿಸಿ, ವಿಧಾನಸಭೆಯನ್ನೂ ವಿಸರ್ಜಿಸಿದ ಕ್ರಮ. 19 ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದೆಹಲಿಗೆ ವರದಿ ಕಳಿಸಿದರು. ಆ ಶಾಸಕರಲ್ಲಿ 7 ಮಂದಿ ಕೂಡಲೇ ಸರ್ಕಾರದ ಕಡೆಗೆ ಮರಳಿದರು. ಸದನದಲ್ಲೇ ಬಹುಮತ ತೋರಿಸುವುದಾಗಿ ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಕೇಂದ್ರ ಸಂಪುಟದ ಸಲಹೆಯಂತೆ ರಾಷ್ಟ್ರಪತಿ ಆರ್. ವೆಂಕಟರಾಮನ್ ಘೋಷಣೆ ಹೊರಡಿಸಿದರು. ನವೆಂಬರಿನಲ್ಲಿ ಚುನಾವಣೆ ನಡೆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬಹುಮತದ ತೀರ್ಪಿನಲ್ಲಿ ಈ ಘೋಷಣೆಯನ್ನು ಅಸಾಂವಿಧಾನಿಕವೆಂದಿತು. ಬಲಾಬಲ ಸದನದಲ್ಲೇ ತೀರ್ಮಾನವಾಗಬೇಕು, ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದೂ ವಿಧಿಸಿತು.