ಹೆಲ್ಸಿಂಕಿಯ ಡಿಸೈನ್ ಡಿಸ್ಟ್ರಿಕ್ಟ್: ನಡೆದು ನೋಡುವ ಬೀದಿಗಳು

ಹೆಲ್ಸಿಂಕಿಯ ಪುನವೂರಿ ಒಂದು ಕಾಲಕ್ಕೆ ನಾವಿಕರು, ಬಂದರಿನ ಕೂಲಿಗಳು ಬದುಕುತ್ತಿದ್ದ ಬಡವರ ಕೇರಿ. ಇಂದು ಇದೂ ಸುತ್ತಲಿನ ಬೀದಿಗಳೂ ಸೇರಿ ‘ಡಿಸೈನ್ ಡಿಸ್ಟ್ರಿಕ್ಟ್’ ಎನಿಸಿಕೊಂಡಿವೆ. 2005ರಲ್ಲಿ ಬಂದ ಹೆಸರಿದು. ಅಂಗಡಿ, ಕಾರ್ಯಾಗಾರ, ಗ್ಯಾಲರಿಗಳು ಒತ್ತೊತ್ತಾಗಿರುವುದರಿಂದ ಇಲ್ಲಿ ವಾಹನ ಬೇಕಿಲ್ಲ.

ಇಲ್ಲಿನ ಡಿಸೈನ್ ಮ್ಯೂಸಿಯಂನ ಸಂಗ್ರಹ ಶುರುವಾದದ್ದು 1873ರಲ್ಲಿ, ಕರಕುಶಲ ಶಾಲೆಯ ವಿದ್ಯಾರ್ಥಿಗಳಿಗೆ ಮಾದರಿಗಳಿರಲಿ ಎಂದು. 1978ರಲ್ಲಿ ಅದು ನೆಲೆ ಕಂಡ ಕೊರ್ಕೆಯವೂರಿ ಬೀದಿಯ ಕಟ್ಟಡವೂ ಮೂಲತಃ ಶಾಲೆಯೇ. ಅದರ ವಾಸ್ತುಶಿಲ್ಪಿ ಗುಸ್ತಾಫ್ ನ್ಯೂಸ್ಟ್ರೋಮ್.

ಈ ಸುತ್ತಾಟದಲ್ಲಿ ಎದುರಾದರೆ, ಫಿನ್ನಿಶ್ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1933ರಲ್ಲಿ ರೂಪಿಸಿದ ಮೂರು ಕಾಲಿನ ಸ್ಟೂಲನ್ನು ಮಾತ್ರ ಬಗ್ಗಿ ನೋಡಿ. ಕಾಲಿಗೆಂದು ಗಟ್ಟಿ ಬರ್ಚ್ ಮರದ ಪಟ್ಟಿಯ ತುದಿಯನ್ನು ಉದ್ದಕ್ಕೆ ಸೀಳಿ, ಸೀಳುಗಳಲ್ಲಿ ಅಂಟು ಹಚ್ಚಿದ ತೆಳು ಮರದ ಹಾಳೆಗಳನ್ನು ತೂರಿಸಿ, ಆಮೇಲೆ ಬಾಗಿಸುತ್ತಾರೆ. ಹಾಗಾಗಿ ಕಾಲು ನೇರವಾಗಿ ಸೀಟಿನ ಅಡಿಗೇ ಕೂರುತ್ತದೆ. ಕೀಲು, ಚೌಕಟ್ಟುಗಳ ಗೊಡವೆಯಿಲ್ಲ. ಒಂದರ ಮೇಲೊಂದು ಪೇರಿಸಿದರೆ ಕಾಲುಗಳು ಸುರುಳಿಯಾಗಿ ಏರುತ್ತವೆ. ಇಂಥ ಪೀಠೋಪಕರಣಗಳನ್ನು ಮಾರಲೆಂದು 1935ರಲ್ಲಿ ಆಲ್ವಾರ್, ಪತ್ನಿ ಐನೊ, ಮೈರೆ ಗುಲ್ಲಿಕ್ಸೆನ್, ನಿಲ್ಸ್-ಗುಸ್ತಾವ್ ಹಾಲ್ ಸೇರಿ ‘ಆರ್ಟೆಕ್’ ಕಂಪನಿ ಕಟ್ಟಿದರು. ಆಲ್ವಾರ್ ಹೆಸರಿನ ನೆರಳಿನಲ್ಲಿ ಐನೊ ಅವರ ಪಾಲು ಬಹುಕಾಲ ಮರೆಯಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಎಸ್ಪ್ಲನಾಡಿ ಉದ್ಯಾನದ ಎದುರು, ಕಟ್ಟಡವೊಂದರ ಮೇಲ್ಮಹಡಿಯಲ್ಲಿ ಸವೊಯ್ ರೆಸ್ಟೋರೆಂಟ್ ಇದೆ. 1937ರಲ್ಲಿ ಇದರ ಒಳಾಂಗಣವನ್ನು ರೂಪಿಸಿದವರೂ ಈ ದಂಪತಿಯೇ. ಆಲ್ಟೊ ಅವರ ಅಂಕುಡೊಂಕು ಅಂಚಿನ ಪ್ರಸಿದ್ಧ ಗಾಜಿನ ಹೂದಾನಿಗೆ ‘ಸವೊಯ್’ ಎಂಬ ಹೆಸರು ಅಂಟಿಕೊಂಡದ್ದು ಇಲ್ಲಿಂದಲೇ.